ದಿಬ್ಬದ ಮೇಲಿನ ಕಲ್ಲು

ಕಾಡಂಚಿನ ಆ ದುಬಾರಿ ರೆಸಾರ್ಟಿನಲ್ಲಿ ತಂಗಿದವರೆಲ್ಲ ಕಾಡು ಬೆಳೆಸಲೆಂದು ಒಂದೊಂದು ಸಸಿ ನೆಡುತ್ತಿದ್ದರು. ಗುಂಡಿ ತೋಡುವುದು ಮಾಲಿ ಕೆಂಚನ ಕೆಲಸ. ಒಂದು ದಿನ ದೊಡ್ಡ ಸಾಹೇಬರೊಬ್ಬರು ತಮಗೆ ಕೆರೆ ಕಾಣುವ ದಿಬ್ಬವೇ ಬೇಕೆಂದು ಹಟ ಹಿಡಿದರು. ಅಲ್ಲಿ ನೆಟ್ಟ ಕಲ್ಲೊಂದಿತ್ತು.

“ಆ ಕಲ್ಲು ಕಿತ್ತು ಬಿಸಾಕೋ,” ಎಂದ ಮ್ಯಾನೇಜರ್.

ಕೆಂಚ ಹಾರೆ ಎತ್ತಿಕೊಂಡ. ಕಲ್ಲನ್ನೊಮ್ಮೆ ನೋಡಿದ. ಹಾರೆ ಕೆಳಗಿಟ್ಟು ಸಾಹೇಬರಿಗೆ ಕೈಮುಗಿದ.

“ನೆಡಿ ಬುದ್ದಿ, ನಮ್ಮ ಪುಣ್ಯ. ಇಲ್ಲಿ ನಮ್ಮ ಹಾಡಿ ಮುದುಕಿ ಮಲಗವ್ಳೆ. ಅವಳ ಮೇಲೆ ಗಿಡ ನೆಟ್ಟೋರು ಅವಳಿಗೆ ಮಗ ಆದಂಗೆ. ಇವತ್ತೇ ತಲೆ ಬೋಳಿಸ್ಕಬೇಕು. ವರ್ಷಾವರ್ಷ ಬಂದು ಎಡೆ ಇಕ್ಕಬೇಕು. ತಪ್ಪಿದ್ರೆ ಅವಳೇ ಹುಡುಕ್ಕೊಂಡು ಬತ್ತಾಳೆ.”

ಸಾಹೇಬರು ಒಪ್ಪವಾಗಿ ಬಾಚಿದ್ದ ಕೂದಲನ್ನು ಮೆಲ್ಲಗೆ ಸವರಿಕೊಂಡರು. ಕೆಳಗಿನ ಬಯಲೇ ಚೆನ್ನಾಗಿದೆ ಎನ್ನುತ್ತ ಸಸಿ ಹಿಡಿದು ಸರಸರ ಇಳಿದೇಬಿಟ್ಟರು.

ಮ್ಯಾನೇಜರಿಗೆ ನಗು ತಡೆಯಲಾಗಲಿಲ್ಲ. “ಲೇ, ನಿಜವಾಗ್ಲೂ ಇದು ನಿಮ್ಮ ಪದ್ಧತಿಯೇನೋ?”

“ಎಡೆ ಇಕ್ಕೋದಷ್ಟೇ ನಿಜ, ಸಾರ್. ಮಿಕ್ಕಿದ್ದು ಈಗ ಹೊಳೀತು.” ಕೆಂಚ ಕೂತು ಕಲ್ಲಿನ ಮೇಲಿನ ಮಣ್ಣು ಒರೆಸಿದ. “ಇಲ್ಲಿದ್ದ ನಮ್ಮ ಹಾಡಿ ಗುಡಿಸಲುಗಳನ್ನೆಲ್ಲ ಎತ್ತಂಗಡಿ ಮಾಡಿದ್ಮೇಲೆ ನಮ್ಮನ್ನ ಗೇಟಿನೊಳಗೆ ಬಿಡ್ಲಿಲ್ಲ. ಇಲ್ಲಿ ಮಲಗಿರೋ ನಮ್ಮವ್ವಂಗೆ ಎಡೆ ಇಕ್ಕಕ್ಕೆ ಅಂತಲೇ ನಾನು ನಿಮ್ಮತ್ರ ಕೆಲಸಕ್ಕೆ ಸೇರಿದ್ದು.”