ಮಠದ ಹಿಡಿಜೋಳ

ನಮ್ಮ ಪೂಜ್ಯ ಪ್ರಣವಲಿಂಗ ಅಜ್ಜನವರ ದರ್ಶನಕ್ಕೆ ಬಂದವರು ಮೊದಲು ಗದ್ದುಗೆಯ ಕಡೆ ನೋಡುತ್ತಿದ್ದರು. ಅಜ್ಜನವರು ಅಲ್ಲಿರುತ್ತಿರಲಿಲ್ಲ. ದಾಸೋಹದ ಮನೆಯ ಪಡಸಾಲೆಯಲ್ಲಿ, ಹರಿದ ಚಾಪೆಯ ಮೇಲೆ, ಮೊರ ಹಿಡಿದು ಜೋಳದೊಳಗಿನ ಕಲ್ಲು ಆರಿಸುತ್ತ ಕೂತಿರುತ್ತಿದ್ದರು. ಅಂಥ ಮಹಾತ್ಮರ ಸೇವೆಯಲ್ಲಿ ಹನ್ನೊಂದು ವರ್ಷ ಇದ್ದೂ ಈ ಮುರಿಗೆಪ್ಪನ ನಾಲಿಗೆಯ ಖಾರ ಕಡಿಮೆಯಾಗಿರಲಿಲ್ಲ. ಅದನ್ನು ಅವರು ಇಳಿಸಿದ ಬಗೆಯನ್ನು ಹೇಳಿಬಿಡುತ್ತೇನೆ.

ನಮ್ಮದು ನೇಕಾರರ ಊರು. ಪ್ರತಿ ಮನೆಯ ಹೆಣ್ಣುಮಗಳು ಮುಂಜಾನೆ ರೊಟ್ಟಿಗೆ ಜೋಳ ತೆಗೆಯುವಾಗ ಒಂದು ಹಿಡಿಯನ್ನು ಮಠದ ಹೆಸರಿನ ಗಡಿಗೆಗೆ ಹಾಕುತ್ತಾಳೆ. ಸೋಮವಾರ ನಾನು ಸೈಕಲ್ಲಿಗೆ ಚೀಲ ಕಟ್ಟಿಕೊಂಡು ಹೋಗಿ ಅದನ್ನು ತರಬೇಕು, ಅದರಿಂದಲೇ ದಾಸೋಹ ನಡೆಯಬೇಕು. ಆ ವರ್ಷ ಎಣ್ಣೆ, ಬೇಳೆ, ಗ್ಯಾಸು, ಮಕ್ಕಳ ಸಾಲೆಯ ಫೀ ಎಲ್ಲವೂ ಏರಿದವು. ನೇಯ್ಗೆಯ ಮಜೂರಿ ಮಾತ್ರ ಇದ್ದಲ್ಲೇ ಇತ್ತು. ನನ್ನ ಚೀಲ ವಾರವಾರಕ್ಕೂ ಹಗುರಾಯಿತು. ಮಂದಿಗೆ ಭಕ್ತಿ ಕಡಿಮೆಯಾಯಿತು ಎಂದು ನಾನು ತೀರ್ಮಾನಿಸಿದೆ. ನನ್ನ ತಲೆಗೆ ಹೊಳೆದದ್ದು ಅಷ್ಟೇ.

ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತಿಕೊಟ್ಟು ಮಕ್ಕಳನ್ನು ಸಾಕುವ ಶಂಕ್ರವ್ವನ ಗಡಿಗೆ ಮೂರನೆಯ ಸೋಮವಾರವೂ ಖಾಲಿ ಇತ್ತು. ‘ಮಠದ ಜೋಳ ಉಂಡು ಕುಂತೀಯೇನು?’ ಎಂದು ಓಣಿಯಲ್ಲಿ ನಿಂತೇ ಗದರಿದೆ. ಆಕೆ ತಲೆಯ ಮೇಲೆ ಸೆರಗು ಹೊದ್ದು ನನ್ನ ಹಿಂದೆಯೇ ಬಂದು, ಮಠದ ಮೆಟ್ಟಿಲು ಹತ್ತದೆ ಕೆಳಗೇ ನಿಂತಳು. ಇನ್ನು ಆ ಮೆಟ್ಟಿಲು ಹತ್ತುವ ಯೋಗ್ಯತೆ ತನಗುಂಟೋ ಇಲ್ಲವೋ, ಅಜ್ಜನವರ ಬಾಯಿಂದ ಆಕೆಗೆ ಅದೊಂದು ತಿಳಿಯಬೇಕಾಗಿತ್ತು.

‘ತಪ್ಪಾಗೇತ್ರಿ ಅಜ್ಜಾರ. ಮುಂಜಾನೆ ಹಿಡಿ ಹಾಕೋದು ಒಂದಿನಾನೂ ಬಿಟ್ಟಿಲ್ರಿ. ಸಂಜೀಕ ಹುಡುಗರು ಹಸದು ಕುಂತಿರ್ತಾವು. ಆಗ ಅದನ್ನ ತಗದು ಬೀಸಿ ಅಂಬಲಿ ಕಾಸತೀನ್ರಿ.’

ಅಜ್ಜನವರು ಮೊರ ಕೆಳಗಿಟ್ಟರು.

‘ಹುಡುಗರು ಉಂಡ್ವೇನವ್ವಾ?’

‘ಉಂಡ್ವುರೀ.’

‘ಹಂಗಾದ್ರ ಅದು ದಾಸೋಹನ ಆತು. ಮ್ಯಾಲೆ ಬಾ.’

ಶಂಕ್ರವ್ವ ಅಳುತ್ತಲೇ ಮೆಟ್ಟಿಲು ಹತ್ತಿದಳು. ಅಜ್ಜನವರು ನನ್ನ ಕಡೆ ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

‘ಮುರಿಗೆಪ್ಪಾ, ಬರೋ ಸೋಮವಾರ ಚೀಲ ಇಲ್ಲಿಂದ ತುಂಬಿಕೊಂಡು ಹೋಗು. ಗಡಿಗಿಗೊಂದು ಸೇರು ಹಾಕು. ಯಾರದು ಖಾಲಿ ಐತಿ ಅಂತ ಕೇಳಬ್ಯಾಡ. ಒಂದು ಮನೀನೂ ಬಿಡಬ್ಯಾಡ.’

‘ದಾಸೋಹಕ್ಕ ಏನ್ ಮಾಡೋದ್ರಿ ಅಜ್ಜಾರ?’

‘ನಾವೂ ಅಂಬಲಿ ಕುಡದ್ರಾತು.’

ಸೋಮವಾರ ಹೊರಟೆ. ಮನಸ್ಸಿನಲ್ಲಿ ಗೊಣಗುತ್ತಲೇ ಹೊರಟೆ, ಸುಳ್ಳೇಕೆ ಹೇಳಲಿ. ಉಳ್ಳವರು ನಾನು ಕೊಟ್ಟ ಸೇರಿಗೆ ತಮ್ಮದನ್ನೂ ಸೇರಿಸಿ ಚೀಲಕ್ಕೇ ಸುರಿದರು. ಇಲ್ಲದವರು ಗಡಿಗೆ ಮುಂದಿಟ್ಟರು. ಒಂದು ಮನೆಯನ್ನೂ ಬಿಡಬಾರದೆಂದು ಅಪ್ಪಣೆಯಾಗಿತ್ತಲ್ಲ, ಕೊನೆಗೆ ನನ್ನ ಮನೆ ಉಳಿಯಿತು. ನಮ್ಮ ಪಾಲನ್ನು ತಾನೇ ಮಠಕ್ಕೆ ಒಯ್ದು ಹಾಕುತ್ತೇನೆ ಎಂದು ಹೆಂಡತಿ ಈರವ್ವ ಹೇಳುತ್ತಿದ್ದಳು, ನಾನು ಆ ಗಡಿಗೆಯ ಕಡೆ ನೋಡಿದವನೇ ಅಲ್ಲ. ಈಗ ಮುಚ್ಚಳ ತೆಗೆದೆ. ಒಳಗೆ ಒಂದು ಕಾಳೂ ಇರಲಿಲ್ಲ.

‘ಯಾವಾಗಿಂದ?’ ಎಂದೆ.

‘ಯುಗಾದಿಯಿಂದ್ರಿ. ನಿಮ್ಮ ಸಂಬಳದಾಗ ತಿಂಗಳ ಕಡೀ ವಾರ ದಾಟವಲ್ದು. ಹೇಳಾಕ ಅಂಜಿಕಿ ಬಂತ್ರಿ, ಓಣಿ ಮಂದೀನ ಬೈದಂಗ ನನ್ನೂ ಬೈತೀರಿ ಅಂತ.’

ಇಷ್ಟು ದಿನ ನಾನು ಹೊಟ್ಟೆ ತುಂಬ ಉಂಡೆದ್ದ ರೊಟ್ಟಿ ಎಲ್ಲಿಯದೆಂದು ಆಗ ತಿಳಿಯಿತು. ನಾಚಿಕೆಯಿಂದ ಕಣ್ಣು ತುಂಬಿ ಬಂತು. ಅಜ್ಜನವರಿಗೆ ಇದು ಮೊದಲೇ ಗೊತ್ತಿತ್ತೋ ಏನೋ, ಕೇಳುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ. ಒಂದು ಸೇರು ನಮ್ಮ ಗಡಿಗೆಗೆ ಹಾಕಿದೆ. ಸೈಕಲ್ಲು ಅಲ್ಲೇ ಬಿಟ್ಟು ಶಂಕ್ರವ್ವನ ಮನೆಗೆ ನಡೆದುಹೋದೆ. ನೆರೆಹೊರೆಯವರು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಂತೆಯೇ, ‘ತಪ್ಪು ನಂದವ್ವಾ’ ಎಂದು ಆಕೆಗೆ ಕೈಮುಗಿದೆ.