ನಾಲ್ಕು ಹಿಡಿ ಹುಳಿ

೧೯೮೭ರ ಮೇ ಹದಿನಾಲ್ಕು, ಗುರುವಾರ. ಮೋಡವಿಲ್ಲ, ಗಾಳಿಯಿಲ್ಲ. ಬೆಳಿಗ್ಗೆ ಎಂಟಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು.

ಮಲಪ್ರಭೆಯ ದಂಡೆಯ ಆ ಆಶ್ರಮಕ್ಕೆ ಇದ್ದದ್ದು ಒಂದೇ ಜೀಪು. ಸುತ್ತಲಿನ ಹಳ್ಳಿಗಳ ರೋಗಿಗಳನ್ನು ಗುಡ್ಡದಾಚೆಯ ಆಸ್ಪತ್ರೆಗೆ ಒಯ್ಯುವುದು ಅದೇ. ನಡೆಸುವವನು ಶಿಷ್ಯ ಈರಬಸು.

ಗಡಸು ನೀರು ಹಾಕಿ ಹಾಕಿ ರೇಡಿಯೇಟರಿನೊಳಗೆ ಸುಣ್ಣ ಕಟ್ಟಿತ್ತು. ಗುರು ಮರುಳಜ್ಜ ಹಿಂದಿನ ದಿನವೇ ಹೇಳಿದ್ದರು.

"ಒಂದು ಬಕೆಟ್ ನೀರಿಗೆ ಒಂದ ಹಿಡಿ ನಿಂಬಿ ಉಪ್ಪು. ಅರ್ಧ ತಾಸು ಇಂಜಿನ್ ಚಾಲೂ ಇಡು. ಆಮ್ಯಾಲೆ ಚೆಲ್ಲಿ ಮೂರು ಸಲ ತೊಳಿ."

ಬೇಗ ಮುಗಿಯಲೆಂದು ಈರಬಸು ಆ ಹುಳಿ ಹರಳನ್ನು ನಾಲ್ಕು ಹಿಡಿ ಹಾಕಿದ. ಹುಳಿ ನೀರನ್ನು ಇಡೀ ರಾತ್ರಿ ಒಳಗೇ ಬಿಟ್ಟ.

ಬೆಳಿಗ್ಗೆ ತೊಳೆದಾಗ ಸುಣ್ಣವೆಲ್ಲ ಹೋಗಿತ್ತು. ಸುಣ್ಣವಿದ್ದಲ್ಲಿ ತೂತು ಬಿದ್ದು ನೀರು ತೊಟ್ಟಿಕ್ಕುತ್ತಿತ್ತು.

ಈರಬಸು ಯಾರಿಗೂ ಹೇಳದೆ ಅಡುಗೆಮನೆಯಿಂದ ಅರಿಶಿನ ಪುಡಿ ತಂದು ರೇಡಿಯೇಟರಿಗೆ ಸುರಿದ. ಡ್ರೈವರುಗಳ ಹಳೇ ಉಪಾಯ. ಸೋರುವುದು ನಿಂತಿತು.

"ಜೀಪು ಹೆಂಗೈತಿ?" ಅಜ್ಜ ಕೇಳಿದರು.

"ಚಲೋ ಆತ್ರಿ ಅಜ್ಜಾರ."

ಮಧ್ಯಾಹ್ನ ಊಟಕ್ಕೆ ಕೂತಾಗ ಅಜ್ಜ ಬಟ್ಟಲು ನೋಡಿದರು. "ಸಾರು ಯಾಕ ಬೆಳ್ಳಗೈತಿ?"

"ಅರಿಶಿನದ ಡಬ್ಬಿ ಖಾಲಿರಿ. ಬೆಕ್ಕು ತಿಂದಿರಬೇಕು," ಎಂದಳು ಅಡುಗೆಯ ಸಂಕವ್ವ, ಈರಬಸುವಿನ ಹಳದಿ ಬೆರಳು ನೋಡುತ್ತ.

ಅಜ್ಜ ಕಾದರು. ಈರಬಸು ಬೆರಳುಗಳನ್ನು ಅನ್ನದೊಳಗೆ ಮರೆಸಿದ. ಹೇಳಿದರೆ ಆಶ್ರಮ ಬಿಡಿಸಿಯಾರು ಎಂಬ ಅಂಜಿಕೆ ಅವನಿಗೆ.

ಅಷ್ಟರಲ್ಲಿ ಹಳ್ಳಿಯವರು ಹೊಲದಲ್ಲಿ ಕೆಲಸ ಮಾಡುತ್ತಿದ್ದ ದ್ಯಾಮವ್ವ ಎಂಬಾಕೆಯನ್ನು ಹೊತ್ತು ತಂದರು. ಅವಳ ಬಲಗಾಲಿಗೆ ಹಾವು ಕಚ್ಚಿತ್ತು.

ಅಜ್ಜನೂ ಜೀಪು ಹತ್ತಿದರು. ಗುಡ್ಡದ ಏರಿನಲ್ಲಿ ಇಂಜಿನ್ನಿನ ಕಾವು ತೋರುವ ಮೀಟರಿನ ಮುಳ್ಳು ಕೆಂಪು ಮುಟ್ಟಿತು. ಈರಬಸು ಮುಳ್ಳನ್ನೇ ನೋಡುತ್ತಿದ್ದ. ಹಿಂದೆ ದ್ಯಾಮವ್ವಳ ನರಳಾಟ ಸಣ್ಣಗಾಗುತ್ತಿತ್ತು.

ಹಬೆ ಎದ್ದಿತು. ಕೆಳಗೆ ಹಳದಿ ನೀರು ಸುರಿದು ಜೀಪು ನಿಂತಿತು.

"ಎಷ್ಟು ಹಿಡಿ ಹಾಕಿದ್ದಿ?" ಅಜ್ಜ ಕೇಳಿದರು.

"ನಾಕ್ರಿ."

"ತೂತು ಯಾವಾಗ ನೋಡಿದಿ?"

"ಮುಂಜಾನೇರಿ. ಹೇಳಾಕ ಅಂಜಿದ್ನಿರಿ."

"ಯಾರಿಗೆ?"

"ನಿಮಗರಿ."

"ನನಗ ಅಂಜಿದಿ. ಈ ಗುಡ್ಡಕ್ಕ ಅಂಜಲಿಲ್ಲ."

ಕೆಳಗಿನ ಬಾವಿಯಿಂದ ಈರಬಸು ಕೊಡ ಹೊತ್ತು ತಂದ. ನೀರು ಸುರಿದು ಒಂದು ತಿರುವು ಹತ್ತುವುದು, ನಿಲ್ಲುವುದು, ಮತ್ತೆ ಸುರಿಯುವುದು. ಒಂದು ತಾಸಿನ ದಾರಿಗೆ ನಾಲ್ಕು ತಾಸು ಹಿಡಿಯಿತು.

ಹತ್ತು ದಿನ ಕಳೆದು ಅಜ್ಜ ಆಸ್ಪತ್ರೆಗೆ ಹೋಗಿ ಬಂದರು. ಈರಬಸು ಅಷ್ಟರಲ್ಲಿ ತೂತಿಗೆ ಬೆಸುಗೆ ಹಾಕಿಸಿದ್ದ. ಅಜ್ಜ ಕೈಕಾಲು ತೊಳೆದು ಕೂರುವತನಕ ಅವನಿಗೆ ಕೇಳುವ ಧೈರ್ಯ ಬರಲಿಲ್ಲ.

"ಅಜ್ಜಾರ, ದ್ಯಾಮವ್ವ?"

"ಜೀವ ಉಳೀತು."

ಈರಬಸು ಉಸಿರು ಬಿಟ್ಟ. ಮತ್ತೆ ಕೇಳಿದ, "ತಡ ಆಗಿದ್ದಕ್ಕ ಏನಾರ..."



"ನಾಳೆ ನೀನ ಹೋಗಿ ಆಕಿನ್ನ ಕರಕೊಂಡು ಬಾ. ಹೋಗೂಮುಂದ ಒಂದು ಜೋಡು ಚಪ್ಪಲಿ ಕೊಂಡು ಒಯ್ಯಿ. ಎಡಗಾಲಿಂದು ಆಕಿಗೆ ಕೊಡು. ಬಲಗಾಲಿಂದು ನೀ ಇಟ್ಕೋ."