ಎದುರು ಚಾಪೆ

ನದಿಯ ದಡದಲ್ಲಿ ಒಂದು ಕ್ರೈಸ್ತ ಆಶ್ರಮವಿತ್ತು. ಆಶ್ರಮ ಎನ್ನುವುದು ದೊಡ್ಡ ಮಾತು. ಎರಡು ಹಂಚಿನ ಕೋಣೆ, ಒಂದು ಪ್ರಾರ್ಥನಾ ಮಂದಿರ, ಒಂದು ಗಂಟೆ. ಒಂದು ಕಾಲಕ್ಕೆ ಅಲ್ಲಿ ಜನ ತುಂಬಿದ್ದರಂತೆ. ಕೆಲವರು ಸತ್ತರು, ಕೆಲವರಿಗೆ ಬುದ್ಧಿ ಬಂತು. ಉಳಿದವರು ಇಬ್ಬರೇ: ಗುರು ಇನ್ನಾಸಪ್ಪಸ್ವಾಮಿ, ಶಿಷ್ಯ ರಾಯಪ್ಪ.

ಬೆಳಿಗ್ಗೆ, ಸಂಜೆ ಅಲ್ಲಿ ಕೀರ್ತನೆ ಹೇಳುವ ಕ್ರಮವಿತ್ತು. ಜನ ಎರಡು ಪಾಲಾಗಿ ಎದುರುಬದುರು ಚಾಪೆಯ ಮೇಲೆ ಕೂರಬೇಕು. ಈ ಕಡೆಯವರು ಒಂದು ಸಾಲು ಹೇಳಿ ನಿಲ್ಲಿಸಬೇಕು. ಆ ಕಡೆಯವರು ಮುಂದಿನ ಸಾಲು ಹೇಳಬೇಕು. ಈಗ ಈ ಕಡೆ ಎಂದರೆ ಗುರು, ಆ ಕಡೆ ಎಂದರೆ ರಾಯಪ್ಪ.

ಆ ವರ್ಷ ರಾಯಪ್ಪನ ತಂಗಿ ಲೂರ್ದುಮೇರಿಗೆ ಮೆದುಳು ಜ್ವರ ಬಂತು. ರಾಯಪ್ಪ ಮೊಣಕಾಲೂರಿ ಬೇಡಿಕೊಂಡ. ಉಪವಾಸವಿದ್ದು ಬೇಡಿಕೊಂಡ. ಅವಳ ಬದಲು ನನ್ನನ್ನು ಕರೆದುಕೋ ಎಂದೂ ಹೇಳಿ ನೋಡಿದ. ಗುರುಗಳೂ ದಿನಾ ಅವಳ ಹೆಸರು ಹಿಡಿದು ಬೇಡಿದರು.

ಲೂರ್ದು ಸತ್ತಳು.

ಮಣ್ಣು ಮಾಡಿ ಬಂದ ರಾಯಪ್ಪ ಕಾಲು ಕೂಡ ತೊಳೆಯದೆ ಗುರುಗಳ ಮುಂದೆ ನಿಂತ.

“ಇನ್ನು ನಾನು ಪ್ರಾರ್ಥನೆಗೆ ಬರೋದಿಲ್ಲ, ಸ್ವಾಮಿ.”

“ಅಡುಗೆ?”

“ಅದು ಮಾಡ್ತೀನಿ.”

“ಸರಿ. ಸಾರಿಗೆ ಉಪ್ಪು ಜಾಸ್ತಿ ಹಾಕ್ತೀಯ, ನೋಡ್ಕೋ.”

ಗುರುಗಳು ಸಮಾಧಾನ ಹೇಳುತ್ತಾರೆ, ಅದನ್ನು ಅವರ ಮುಖಕ್ಕೇ ಎಸೆದು ಹೋಗೋಣ ಎಂದು ದಾರಿಯುದ್ದಕ್ಕೂ ತಯಾರಾಗಿ ಬಂದಿದ್ದ ರಾಯಪ್ಪನಿಗೆ ಎಸೆಯಲು ಏನೂ ಸಿಗಲಿಲ್ಲ.

ಸಂಜೆ ಗುರುಗಳೇ ಗಂಟೆ ಹೊಡೆದರು. ರಾಯಪ್ಪ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದ. ಮಂದಿರದಿಂದ ಒಂದು ಸಾಲು ಕೇಳಿಸಿತು. ಆಮೇಲೆ ಸದ್ದಿಲ್ಲ. ಒಂದು ಸಾಲು ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸದ್ದಿಲ್ಲ. ನಡುವೆ ಒಂದು ಸಾಲು ಬಿಟ್ಟು, ಅದರ ಮುಂದಿನ ಸಾಲು ಕೇಳಿಸಿತು. ಮತ್ತೆ ಸದ್ದಿಲ್ಲ.

ಮರುದಿನವೂ ಹಾಗೇ. ಅದರ ಮರುದಿನವೂ.

ಹಾಲು ಕೊಡಲು ಬಂದ ಅಂತೋಣಿಯಮ್ಮ ಹಿತ್ತಿಲ ಬಾಗಿಲಲ್ಲಿ ನಿಂತು ಕಿವಿಗೊಟ್ಟಳು.

“ಏನಪ್ಪಾ ರಾಯಪ್ಪ, ಸ್ವಾಮಿಗಳಿಗೆ ಮರೆವು ಶುರುವಾಯ್ತಾ? ಹೇಳ್ತಾ ಹೇಳ್ತಾ ನಿಂತೇಬಿಡ್ತಾರೆ.”

“ಮರೆವಲ್ಲ ಅಕ್ಕ. ಅದು ನಾನು ಹೇಳಬೇಕಾದ ಸಾಲು.”

“ಮತ್ತೆ ಹೇಳೋಕೇನು ರೋಗ ನಿಂಗೆ?”

ರಾಯಪ್ಪ ಪಾತ್ರೆ ಒಡ್ಡಿದ. ಹಾಲು ಅಳೆಯುತ್ತ ಅವಳೇ ಅಂದಳು: “ನಮ್ಮನೆಯವರು ಸತ್ತಮೇಲೆ ನಾನೂ ಹೀಗೇ ಒಬ್ಳೇ ಜಗಳ ಆಡ್ತಿದ್ದೆ. ನಾನು ಬೈಯೋದು, ಅವರು ಬೈಯೋಷ್ಟು ಹೊತ್ತು ಬಿಡೋದು, ಮತ್ತೆ ನಾನು ಬೈಯೋದು.”

ಕಷ್ಟವೆಂದರೆ, ಆ ಬಿಡುವಿನಲ್ಲಿ ರಾಯಪ್ಪನ ಸಾಲು ತಾನಾಗಿಯೇ ನಾಲಿಗೆಗೆ ಬರುತ್ತಿತ್ತು. ಅವನು ಹಲ್ಲು ಕಚ್ಚುತ್ತಿದ್ದ. ಪಾತ್ರೆಗಳನ್ನು ಕುಕ್ಕುತ್ತಿದ್ದ. ನಂಬಿಕೆ ಹೋಗಿತ್ತು, ಬಾಯಿಪಾಠ ಹೋಗಿರಲಿಲ್ಲ.

ಒಂದು ಮಧ್ಯಾಹ್ನ ಬಡಿಸುತ್ತ ಕೇಳಿಯೇಬಿಟ್ಟ.

“ಸ್ವಾಮಿ, ಎರಡೂ ಕಡೆಯದು ನಿಮಗೆ ಬಾಯಿಗೆ ಬರುತ್ತಲ್ಲ. ನೀವೇ ಹೇಳಿಬಿಡಿ.”

“ಅದು ನನ್ನ ಪಾಲಿನದಲ್ಲ.”

“ಹಾಗಾದ್ರೆ ಬಿಟ್ಟು ಮುಂದೆ ಹೋಗಿ. ಕಾಯೋದ್ಯಾಕೆ? ನನಗೆ ನಾಚಿಕೆ ಆಗ್ಲಿ ಅಂತಲಾ?”

“ನಿನಗೆ ನಾಚಿಕೆ ಆಗ್ಲಿ ಅಂತ ಕೋಳಿ ಕೂಗೋ ಮುಂಚೆ ಏಳೋಕೆ, ನೀನೇನು ಅಷ್ಟು ದೊಡ್ಡ ಮನುಷ್ಯನಾ?” ಗುರುಗಳು ಅನ್ನಕ್ಕೆ ಸಾರು ಕಲಸಿಕೊಂಡರು. “ಉಪ್ಪು ಈಗ ಸರಿಯಾಗಿದೆ.”

ಮರುದಿನ ಬೆಳಿಗ್ಗೆ ರಾಯಪ್ಪ ಬಟ್ಟೆಗಂಟು ಕಟ್ಟಿದ. ಪೇಟೆಗೆ ಹೋಗುವ ಬಸ್ಸು ಹೊತ್ತು ಹುಟ್ಟುವಾಗ ಆಶ್ರಮದ ಗೇಟಿನ ಮುಂದೆ ನಿಲ್ಲುತ್ತಿತ್ತು. ಪೇಟೆಯಲ್ಲಿ ಅವನಿಗಾಗಿ ಕಾಯುವವರು ಯಾರೂ ಇರಲಿಲ್ಲ. ಇಲ್ಲಿಯೂ ಇಲ್ಲ ಎಂದು ಅವನ ಎಣಿಕೆ.

ಗುರುಗಳು ಗಂಟೆಯ ಹಗ್ಗ ಹಿಡಿದು ನಿಂತಿದ್ದರು.

“ಹೊರಟೆ, ಸ್ವಾಮಿ. ಒಂದು ಮಾತು ಕೇಳ್ಬೇಕು.”

“ಕೇಳು.”

“ಲೂರ್ದು ಬದುಕಲಿ ಅಂತ ನೀವೂ ಬೇಡಿದ್ರಿ. ದೇವರು ಏನಂದ?”

“ಏನೂ ಅನ್ನಲಿಲ್ಲ.”

“ಅವಳು ಸತ್ತಮೇಲೆ?”

“ಏನೂ ಅನ್ನಲಿಲ್ಲ.”

“ಇಷ್ಟು ವರ್ಷ ಇಲ್ಲಿ ಕೂತು ಕೂಗಿದ್ದೀರಿ. ಒಂದು ಸಲ, ಒಂದೇ ಒಂದು ಸಲ ಉತ್ತರ ಬಂದಿದೆಯಾ?”

“ಹೊತ್ತಾಯ್ತು” ಎಂದು ಗುರುಗಳು ಹಗ್ಗ ಎಳೆದರು. ಒಳಗೆ ಹೋಗಿ ಕೂತರು.

ಎದುರಿನ ಚಾಪೆ ಹಾಸಿಯೇ ಇತ್ತು. ಅದರ ಮೇಲೆ ದೂಳಿರಲಿಲ್ಲ. ರಾಯಪ್ಪ ಗಂಟು ಹಿಡಿದು ಹೊಸ್ತಿಲಲ್ಲಿ ನಿಂತ. ಆ ಬಿಡುವಿನಲ್ಲಿ ಗುರುಗಳ ಮುಖ ಹೇಗಿರುತ್ತದೆ ಎಂದು ಅವನು ಈವರೆಗೆ ನೋಡಿರಲಿಲ್ಲ.

ಆವತ್ತಿನದು ಹೊಗಳಿಕೆಯ ಕೀರ್ತನೆಯಲ್ಲ, ಗೋಳಿನದು. ಅಂಥವೂ ಇವೆ, ದೇವರನ್ನೇ ನಿಲ್ಲಿಸಿ ಎಲ್ಲಿ ಹಾಳಾಗಿ ಹೋಗಿದ್ದೆ ಎಂದು ಕೇಳುವಂಥವು. ಭಕ್ತರು ಅವನ್ನು ಬೇಗ ಬೇಗ ಹೇಳಿ ಮುಗಿಸುತ್ತಾರೆ.

ಗುರುಗಳು ತಮ್ಮ ಸಾಲು ಹೇಳಿ ನಿಲ್ಲಿಸಿದರು.

ಧ್ಯಾನವೇನೂ ಮಾಡುತ್ತಿರಲಿಲ್ಲ. ಕಣ್ಣು ತೆರೆದೇ ಇತ್ತು. ಕಿವಿ ಮಂದವಾದ ಮುದುಕ, ಯಾರೋ ಬಾಗಿಲು ತಟ್ಟಿದರೇ ಎಂದು ಕತ್ತು ಚಾಚಿ ಆಲಿಸುವಂತೆ ಆಲಿಸುತ್ತಿದ್ದರು. ಯಾರೂ ತಟ್ಟಲಿಲ್ಲ. ತಮ್ಮ ಇನ್ನೊಂದು ಸಾಲು ಹೇಳಿದರು. ಮತ್ತೆ ಕತ್ತು ಚಾಚಿದರು.

ಹೊರಗೆ ಬಸ್ಸು ಬಂದು ಹಾರ್ನ್ ಹೊಡೆಯಿತು.

ರಾಯಪ್ಪನಿಗೆ ಆ ಮುಖ ನೋಡಲಾಗಲಿಲ್ಲ. ನಿಂತಲ್ಲಿಂದಲೇ ತನ್ನ ಸಾಲು ಹೇಳಿದ. ಹೇಳಿದ ಎನ್ನುವುದಕ್ಕಿಂತ ಅರಚಿದ. ನನ್ನವರನ್ನು ಕಿತ್ತುಕೊಂಡು ನೀನು ಎಲ್ಲಿ ಅಡಗಿದೆ ಎಂಬ ಅರ್ಥದ ಸಾಲು ಅದು. ಅದನ್ನು ಹೇಳಲು ನಂಬಿಕೆ ಬೇಕಾಗಿರಲಿಲ್ಲ.

ಗುರುಗಳು ಬಾಗಿಲ ಕಡೆ ತಿರುಗಿದರು. ಮುಂದಿನ ಸಾಲು ಹೇಳಿದರು. ಅದರ ಮುಂದಿನದನ್ನು ರಾಯಪ್ಪ ಹೇಳಿದ. ಕೀರ್ತನೆ ಮುಗಿಯುವಷ್ಟರಲ್ಲಿ ಬಸ್ಸು ಹೋಗಿತ್ತು.

“ನಂಬಿಕೆ ಬಂದು ಹೇಳಿದ್ದಲ್ಲ” ಅಂದ ರಾಯಪ್ಪ.

“ಗೊತ್ತು.”

“ನಾನು ಕೇಳಿದ್ದಕ್ಕೆ ನೀವಿನ್ನೂ ಹೇಳಿಲ್ಲ. ಒಂದು ಸಲವಾದ್ರೂ ಉತ್ತರ ಬಂದಿದೆಯಾ?”

ಗುರುಗಳು ನೆಲಕ್ಕೆ ಕೈಯೂರಿ ಎದ್ದರು.

“ಬಂದಿದೆ. ಇಷ್ಟು ವರ್ಷ ಆ ಚಾಪೆ ಕಡೆಯಿಂದ. ಇವತ್ತು ಬಾಗಿಲ ಕಡೆಯಿಂದ. ಬೇರೆಲ್ಲಿಂದಲೂ ಬಂದಿಲ್ಲ, ರಾಯಪ್ಪ.”